ಹಂಪಿಯ ಬಿಸಿಲಿಗೂ ಆಗುಂಬೆಯ ಮಳೆಗೂ ಒಂದೇ ಸ್ಕೆಚ್‌ಬುಕ್: ಪೆನ್ನು, ಜಲವರ್ಣದ ಸಮಗ್ರ ಮಾರ್ಗದರ್ಶಿ

ಪ್ರವಾಸಕ್ಕೆಂದು ಸ್ಕೆಚ್‌ಬುಕ್ ಕೊಂಡವರಲ್ಲಿ ಬಹಳ ಮಂದಿ ನಾಲ್ಕೈದು ಪುಟಕ್ಕೇ ಕೈಬಿಡುತ್ತಾರೆ. ಕೇಳಿದರೆ ‘ನಂಗೆ ಡ್ರಾಯಿಂಗ್ ಬರಲ್ಲ’ ಅನ್ನುತ್ತಾರೆ. ಪುಟ ತಿರುವಿ ನೋಡಿದರೆ ತೊಂದರೆ ಬೇರೆಯೇ ಇರುತ್ತದೆ. ಪೆನ್ನಿನ ಗೆರೆ ಬಣ್ಣದಲ್ಲಿ ಕರಗಿ ಹರಡಿದೆ, ಆಕಾಶದ ನಡುವೆ ಕಲೆ ಎದ್ದಿದೆ, ಎದುರುಬದುರಿನ ಪುಟಗಳು ಅಂಟಿಕೊಂಡಿವೆ. ಇವೆಲ್ಲ ಒಣಗುವ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆದ ಅನಾಹುತಗಳು. ಶಾಯಿ ಯಾವಾಗ ಒಣಗುತ್ತದೆ, ವಾಶ್ (ನೀರಾಗಿಸಿ ಹರಡಿದ ಬಣ್ಣದ ಪದರ) ಯಾವಾಗ ಒಣಗುತ್ತದೆ, ಕಾಗದ ಎಷ್ಟು ನೀರು ತಡೆಯುತ್ತದೆ ಎಂಬುದು ಕೈಗೆ ಹತ್ತಿದರೆ ಸಾಧಾರಣವಾಗಿ ಚಿತ್ರ ಬಿಡಿಸುವವರ ಪುಸ್ತಕವೂ ತುಂಬುತ್ತದೆ. ಇದನ್ನು ಕಲಿಯಲು ಕರ್ನಾಟಕಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಏಪ್ರಿಲ್ ತಿಂಗಳ ಹಂಪಿಯಲ್ಲಿ ಬಣ್ಣ ಹಚ್ಚುತ್ತಿದ್ದಂತೆಯೇ ಒಣಗುತ್ತದೆ. ಜುಲೈ ತಿಂಗಳ ಆಗುಂಬೆಯಲ್ಲಿ ಅರ್ಧ ಗಂಟೆ ಕಾದರೂ ಪುಟ ತಣ್ಣಗೇ ಇರುತ್ತದೆ.

ಮೊದಲು ಕಾಗದ

ದುಡ್ಡು ಹಾಕುವುದಿದ್ದರೆ ಕಾಗದಕ್ಕೆ ಹಾಕಿ. ಬಣ್ಣ ಅಗ್ಗದ್ದಾದರೂ ನಡೆಯುತ್ತದೆ, ಕಾಗದ ಕೆಟ್ಟದಾದರೆ ಏನೂ ನಡೆಯುವುದಿಲ್ಲ. 150 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಕಾಗದ ಒಂದೇ ವಾಶ್‌ಗೆ ಅಲೆಅಲೆಯಾಗಿ ಏಳುತ್ತದೆ. 200 ಜಿಎಸ್‌ಎಂ ತೆಳು ಬಣ್ಣಕ್ಕೆ ಸಾಕು. ಎರಡು ಮೂರು ಪದರ ಹಚ್ಚುವವರಿಗೆ 300 ಜಿಎಸ್‌ಎಂ ಬೇಕು. ಎ5 ಅಳತೆಯ, ಅಂದರೆ 148 × 210 ಮಿ.ಮೀ.ನ, 300 ಜಿಎಸ್‌ಎಂ ಹಾಳೆಯೊಂದು ಸುಮಾರು 9.3 ಗ್ರಾಂ ತೂಗುತ್ತದೆ. 24 ಹಾಳೆಯ ಪುಸ್ತಕ ರಟ್ಟು ಬಿಟ್ಟು ಕಾಲು ಕಿಲೋದೊಳಗೆ ಬರುತ್ತದೆ, ಹೆಗಲಿಗೆ ಭಾರವಲ್ಲ. ಇದಕ್ಕಿಂತ ದೊಡ್ಡ ಪುಸ್ತಕವನ್ನು ಪ್ರವಾಸಕ್ಕೆ ಒಯ್ಯಬೇಡಿ. ಪುಟ ದೊಡ್ಡದಾದಷ್ಟೂ ಒಣಗಲು ಹೊತ್ತು ಬೇಕು, ಜೊತೆಯಲ್ಲಿ ಬಂದವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಮೇಲ್ಮೈ ‘ಕೋಲ್ಡ್ ಪ್ರೆಸ್’, ಅಂದರೆ ಸ್ವಲ್ಪ ತರಿತರಿಯಾದದ್ದು ಇರಲಿ, ಆದರೆ ತೀರ ಒರಟು ಬೇಡ. ಒರಟು ಕಾಗದದ ಮೇಲೆ ಫೈಬರ್ ತುದಿಯ ಪೆನ್ನು ಬೇಗ ಸವೆಯುತ್ತದೆ. ಹತ್ತಿಯಿಂದ ಮಾಡಿದ ಕಾಗದ ನೀರನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಹಾಗಾಗಿ ಬಯಲುಸೀಮೆಯ ಬಿಸಿಲಿಗೆ ಅದು ಹೇಳಿ ಮಾಡಿಸಿದ್ದು. ಮರದ ತಿರುಳಿನ ಕಾಗದ ಬೇಗ ಒಣಗುತ್ತದೆ, ಬಣ್ಣವನ್ನು ಮತ್ತೆ ಎತ್ತುವುದೂ ಸುಲಭ. ಮಲೆನಾಡಿನ ಮಳೆಗಾಲಕ್ಕೆ ಅದೇನೂ ಕಡಿಮೆಯಲ್ಲ.

ಪುಸ್ತಕವನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು. 56 × 76 ಸೆಂ.ಮೀ.ನ ಒಂದು ಪೂರ್ಣ ಹಾಳೆಯನ್ನು ಅಗಲದಲ್ಲಿ ಎರಡು, ಉದ್ದದಲ್ಲಿ ನಾಲ್ಕು ಭಾಗ ಮಾಡಿದರೆ 28 × 19 ಸೆಂ.ಮೀ.ನ ಎಂಟು ತುಂಡು ಸಿಗುತ್ತವೆ. ಒಂದೊಂದನ್ನೂ ನಡುವೆ ಮಡಿಸಿದರೆ 14 × 19 ಸೆಂ.ಮೀ.ನ 16 ಹಾಳೆ, 32 ಪುಟ. 300 ಜಿಎಸ್‌ಎಂ ದಪ್ಪಗಿರುವುದರಿಂದ ಒಂದರೊಳಗೆ ಒಂದು ಎರಡೇ ತುಂಡು ಸೇರಿಸಿ, ಹಾಗೆ ನಾಲ್ಕು ಕಟ್ಟು ಮಾಡಿ, ಮಡಿಕೆಯಲ್ಲಿ ಐದು ತೂತು ಹಾಕಿ ಮೇಣ ಉಜ್ಜಿದ ಗಟ್ಟಿ ದಾರದಿಂದ ಹೊಲಿಯಿರಿ. ಹೊಲಿದ ಪುಸ್ತಕ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ, ಎರಡು ಪುಟಕ್ಕೂ ಚಾಚಿಕೊಂಡು ಬರೆಯಬಹುದು. ಸ್ಪೈರಲ್ ಪುಸ್ತಕದಲ್ಲಿ ಹಾಗೆ ಬರೆಯಲಾಗದು. ಜೊತೆಗೆ ಪುಟಗಳು ಜಾರಾಡಿ ಒಂದನ್ನೊಂದು ಉಜ್ಜುತ್ತವೆ.

ಕರಾವಳಿಯವರು, ಮಲೆನಾಡಿನವರು ಒಂದು ವಿಷಯ ತಿಳಿದಿರಬೇಕು. ಜಲವರ್ಣದ ಕಾಗದಕ್ಕೆ ನೀರು ತಡೆಯಲೆಂದು ಜೆಲಾಟಿನ್ ಅಥವಾ ಬೇರೊಂದು ಅಂಟಿನ ಲೇಪ ಕೊಟ್ಟಿರುತ್ತಾರೆ. ತೇವದ ಬೀರುವಿನಲ್ಲಿ ಎರಡು ಮಳೆಗಾಲ ಕಳೆದರೆ ಆ ಲೇಪ ಅಲ್ಲಲ್ಲಿ ಸತ್ತುಹೋಗುತ್ತದೆ. ನೋಡಲು ಕಾಗದ ಹೊಸದರಂತೆಯೇ ಇರುತ್ತದೆ. ಬಣ್ಣ ಹಚ್ಚಿದಾಗಷ್ಟೇ ಗಾಢ ಚುಕ್ಕಿಗಳು ಒಡೆದು ಕಾಣುತ್ತವೆ. ಹೊರಡುವ ಮುನ್ನ ಕೊನೆಯ ಪುಟದಲ್ಲಿ ಒಂದು ನೀಲಿ ಪಟ್ಟೆ ಎಳೆದು ನೋಡಿ. ಬಣ್ಣ ತಕ್ಷಣ ಇಂಗಿದರೆ, ಚುಕ್ಕಿ ಎದ್ದರೆ ಆ ಪುಸ್ತಕವನ್ನು ಬರೀ ಪೆನ್ನಿನ ಕೆಲಸಕ್ಕೆ ಇಟ್ಟುಕೊಳ್ಳಿ.

ಪೆನ್ನು, ಶಾಯಿ

ಗೆರೆಯ ಮೇಲೆ ಬಣ್ಣ ಹಚ್ಚುವುದರಿಂದ ಶಾಯಿ ನೀರಿಗೆ ಕರಗಬಾರದು. ಪಿಗ್ಮಾ ಮೈಕ್ರಾನ್‌ನಂಥ ಪಿಗ್ಮೆಂಟ್ (ನೀರಿಗೆ ಕರಗದ ಬಣ್ಣದ ಪುಡಿ) ಶಾಯಿಯ ಪೆನ್ನುಗಳು ಇದಕ್ಕೆ ಸುಲಭದ ಆಯ್ಕೆ. ಅವುಗಳ ಮೇಲಿನ ಸಂಖ್ಯೆ ಮಿಲಿಮೀಟರ್ ಅಲ್ಲ: 01 ಅಂದರೆ 0.25 ಮಿ.ಮೀ., 05 ಅಂದರೆ 0.45 ಮಿ.ಮೀ. ಎ5 ಪುಟಕ್ಕೆ ಈ ಎರಡಿದ್ದರೆ ಸಾಕು. ದೂರದ ಬೆಟ್ಟಕ್ಕೂ ಸಣ್ಣ ಕೆತ್ತನೆಗೂ 01, ಹತ್ತಿರದ ಕಂಬಕ್ಕೂ ನೆರಳಂಚಿಗೂ 05.

ಫೌಂಟನ್ ಪೆನ್ನಿನ ರುಚಿ ಹತ್ತಿದವರು ಅದಕ್ಕೆಂದೇ ಮಾಡಿದ ನೀರಿಗೆ ಕರಗದ ಶಾಯಿ ತರಿಸಿಕೊಳ್ಳಿ. ಪ್ಲಾಟಿನಂ ಕಾರ್ಬನ್ ಬ್ಲಾಕ್ ಅಂಥದ್ದೊಂದು. ಶಾಲೆಯಲ್ಲಿ ಬಳಸುತ್ತಿದ್ದ ರಾಯಲ್ ಬ್ಲೂ ಕುಂಚ ತಾಗಿದೊಡನೆ ಕರಗಿ ಹರಿಯುತ್ತದೆ. ಡ್ರಾಯಿಂಗ್‌ಗೆಂದು ಮಾರುವ, ಅರಗು ಬೆರೆಸಿದ ‘ಇಂಡಿಯನ್ ಇಂಕ್’ ಅನ್ನು ಫೌಂಟನ್ ಪೆನ್ನಿಗೆ ಎಂದೂ ತುಂಬಬೇಡಿ. ಅದು ನಾಲಿಗೆಯೊಳಗೆ ಗಟ್ಟಿಯಾದರೆ ಪೆನ್ನು ಮುಗಿಯಿತು. ಕಾರ್ಬನ್ ಶಾಯಿ ತುಂಬಿದ ಪೆನ್ನನ್ನು ವಾರಗಟ್ಟಲೆ ಸುಮ್ಮನೆ ಇಡುವುದೂ ಬೇಡ. ಏನೂ ಸಿಗದ ಊರಲ್ಲಿ ಸಾದಾ ಬಾಲ್‌ಪೆನ್ ಕೊಳ್ಳಿ. ಅದರ ಶಾಯಿ ಎಣ್ಣೆಯದ್ದಾದ್ದರಿಂದ ಹೆಚ್ಚು ಕದಲುವುದಿಲ್ಲ. ಜೆಲ್ ಪೆನ್ನುಗಳಲ್ಲಿ ಬಹುಪಾಲು ಕದಲುತ್ತವೆ.

ಯಾವ ಪೆನ್ನಾದರೂ ಹೊರಡುವ ಮೊದಲು ಪರೀಕ್ಷಿಸಿ, ಅದೂ ನೀವು ಒಯ್ಯುವ ಪುಸ್ತಕದಲ್ಲೇ. ಒಂದು ಗೆರೆ ಎಳೆದು 30 ಸೆಕೆಂಡಿಗೆ, ಇನ್ನೊಂದನ್ನು 2 ನಿಮಿಷಕ್ಕೆ, ಮತ್ತೊಂದನ್ನು 10 ನಿಮಿಷಕ್ಕೆ ಒದ್ದೆ ಕುಂಚದಿಂದ ಸವರಿ. ಎಲ್ಲಿ ಕದಲುವುದು ನಿಂತಿತೋ ಅದೇ ನಿಮ್ಮ ಕಾಯುವ ಹೊತ್ತು. ಮಳೆ ಬೀಳುವ ದಿನ ಅದರ ಮೂರರಷ್ಟು ಕಾಯಿರಿ.

ಬಣ್ಣದ ಡಬ್ಬಿ

ಆರು ಬಣ್ಣ ಸಾಕು: ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಕ್ವಿನಾಕ್ರಿಡೋನ್ ರೋಸ್, ಅಲ್ಟ್ರಾಮರೀನ್ ಬ್ಲೂ, ಥ್ಯಾಲೋ ಬ್ಲೂ. ಕೊಳ್ಳುವಾಗ ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿರುವ ಪಿಗ್ಮೆಂಟ್ ಸಂಖ್ಯೆ ನೋಡಿ. ಅಲ್ಟ್ರಾಮರೀನ್‌ಗೆ ಪಿಬಿ29, ಥ್ಯಾಲೋಗೆ ಪಿಬಿ15, ರೋಸ್‌ಗೆ ಪಿವಿ19. ಪಿಆರ್83 ಎಂದಿರುವ ಅಲಿಜರಿನ್ ಕ್ರಿಮ್ಸನ್ ಬೆಳಕಿಗೆ ಮಾಸುತ್ತದೆ, ಅದು ಬೇಡ. ಕಪ್ಪೂ ಬೇಡ, ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಅದಕ್ಕಿಂತ ಜೀವವಿರುವ ಗಾಢ ಬೂದು ಸಿಗುತ್ತದೆ. ಅಂಗಡಿಯವರು ಪೋಸ್ಟರ್ ಕಲರ್ ಕೊಟ್ಟರೆ ವಾಪಸ್ ಕೊಡಿ. ಅದು ಅಪಾರದರ್ಶಕ, ಪೆನ್ನಿನ ಗೆರೆಯನ್ನೇ ಮುಚ್ಚಿಬಿಡುತ್ತದೆ.

ಟ್ಯೂಬಿನ ಬಣ್ಣವನ್ನು ಖಾಲಿ ಹಾಫ್ ಪ್ಯಾನ್‌ಗಳಿಗೆ, ಅಂದರೆ ಡಬ್ಬಿಯೊಳಗಿನ ಪುಟ್ಟ ಬಣ್ಣದ ಬಟ್ಟಲುಗಳಿಗೆ, ತುಂಬಿಕೊಳ್ಳುವುದು ಅಗ್ಗ. ಪ್ಯಾನ್ ಒಂದಕ್ಕೆ ಸುಮಾರು 2 ಮಿ.ಲೀ. ಹಿಡಿಸುತ್ತದೆ, ಅಂದರೆ 5 ಮಿ.ಲೀ. ಟ್ಯೂಬಿನಿಂದ ಎರಡು ಸಲ ತುಂಬಬಹುದು. ಒಂದೇ ಬಾರಿಗೆ ತುಂಬಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿಯಾಗೇ ಉಳಿದು, ಆಮೇಲೆ ಕುಗ್ಗಿ ಬಿರುಕು ಬಿಟ್ಟು ಉದುರುತ್ತದೆ. ಮೂರು ಪದರವಾಗಿ, ಪ್ರತಿ ಪದರಕ್ಕೂ ಎರಡು ದಿನ ಬಿಟ್ಟು ತುಂಬಿ. ಬಿರುಕು ಬಿಡುವ ಜಾತಿಯ ಬಣ್ಣವಾದರೆ ಪ್ಯಾನಿಗೆ ಒಂದೇ ಹನಿ ಗ್ಲಿಸರಿನ್ ಬೆರೆಸಿ ಕಡ್ಡಿಯಿಂದ ಕಲಕಿ. ಎರಡು ಹನಿಯಾದರೆ ಮಂಗಳೂರಿನಲ್ಲಿ ಅದು ಒಣಗುವುದೇ ಇಲ್ಲ. ಜೇನು ಬೆರೆಸಿ ಮಾಡಿದ ಬಣ್ಣಗಳದ್ದೂ ಇದೇ ಗೋಳು. ಗಾಳಿಯ ತೇವ ಹೀರಿಕೊಂಡು ಡಬ್ಬಿಯೊಳಗೆ ಒಂದರ ಮೇಲೊಂದು ಹರಿಯುತ್ತವೆ. ಈ ತುಂಬುವ ಕೆಲಸ ಹೊರಡುವ ವಾರಕ್ಕೆ ಮೊದಲೇ ಮುಗಿದಿರಬೇಕು.

ಕುಂಚ ಎರಡು: 8ನೇ ನಂಬರಿನ ದುಂಡು ಕುಂಚವೊಂದು, ಹಿಡಿಯಲ್ಲೇ ನೀರು ತುಂಬುವ ವಾಟರ್ ಬ್ರಷ್ ಒಂದು. ವಾಟರ್ ಬ್ರಷ್ ಬಸ್ಸು, ರೈಲಿನಲ್ಲಿ ವರ. ಆದರೆ ಆಕಾಶದಂಥ ದೊಡ್ಡ ವಾಶ್‌ಗೆ ಅದನ್ನು ನೆಚ್ಚಬೇಡಿ. ಎಳೆಯುತ್ತ ಹೋದಂತೆ ನೀರು ಇಳಿದು ಪಟ್ಟೆಯ ಒಂದು ತುದಿ ಗಾಢ, ಇನ್ನೊಂದು ತುದಿ ನೀರಾಗಿಬಿಡುತ್ತದೆ. ಇವುಗಳ ಜೊತೆ 100 ಮಿ.ಲೀ. ಬಾಟಲಿ, ಗಟ್ಟಿ ಮುಚ್ಚಳದ ಪುಟ್ಟ ಡಬ್ಬಿ, ಹಳೆಯ ಹತ್ತಿ ಪಂಚೆಯ ತುಂಡು, ಎರಡು ಬೈಂಡರ್ ಕ್ಲಿಪ್, ಒಂದು ಎಚ್‌ಬಿ ಪೆನ್ಸಿಲ್. ಸಮುದ್ರದ ದಂಡೆಯಲ್ಲಿ ಕೂತಿದ್ದೇವೆಂದು ಸಮುದ್ರದ ನೀರನ್ನೇ ಬಳಸುವ ಹುಮ್ಮಸ್ಸು ಬೇಡ. ಉಪ್ಪು ಕಾಗದದಲ್ಲಿ ಉಳಿದು ಪ್ರತಿ ಮಳೆಗಾಲಕ್ಕೂ ತೇವ ಎಳೆಯುತ್ತದೆ.

ಒಂದು ಪುಟ, ಮುಕ್ಕಾಲು ಗಂಟೆ: ವಿರೂಪಾಕ್ಷ ಗೋಪುರ

ಉದಾಹರಣೆಗೆ ಹಂಪಿ ಬಜಾರಿನ ಬೀದಿಯಿಂದ ಕಾಣುವ ವಿರೂಪಾಕ್ಷ ದೇಗುಲದ ದೊಡ್ಡ ಗೋಪುರವನ್ನೇ ತೆಗೆದುಕೊಳ್ಳೋಣ. ಒಂಬತ್ತು ನೆಲೆ, ಸುಮಾರು 50 ಮೀಟರ್ ಎತ್ತರ. ಅದು ಪೂರ್ವಾಭಿಮುಖ, ಆದ್ದರಿಂದ ಬೀದಿಯಿಂದ ಬರೆಯುವವರು ಬೆಳಿಗ್ಗೆಯೇ ಹೋಗಬೇಕು. ಸಂಜೆ ಸೂರ್ಯ ಗೋಪುರದ ಹಿಂದಿರುತ್ತಾನೆ, ಆಗ ಸಿಗುವುದು ಬರೀ ಆಕಾರ. ಕೂರುವ ಜಾಗ ಗೋಪುರದ ಎತ್ತರದ ಎರಡರಷ್ಟಾದರೂ, ಅಂದರೆ 100 ಮೀಟರ್ ದೂರ ಇರಲಿ. ಹತ್ತಿರ ಹೋದರೆ ತಲೆ ಎತ್ತಿ ಇಳಿಸಿ ನೋಡುವಷ್ಟರಲ್ಲಿ ಅಳತೆಯೆಲ್ಲ ತಪ್ಪುತ್ತದೆ.

1. ಮೊದಲ ಐದು ನಿಮಿಷ ಬರೆಯಬೇಡಿ. 4 × 6 ಸೆಂ.ಮೀ.ನ ಚಿಕ್ಕ ಚೌಕದಲ್ಲಿ ಪೆನ್ಸಿಲ್‌ನಿಂದ ಬೆಳಕು ಎಲ್ಲಿ, ನೆರಳು ಎಲ್ಲಿ ಎಂದಷ್ಟೇ ಗುರುತಿಸಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಕೆಲಸ ಮುಗಿಯುವಾಗ ನೆರಳು ಬೇರೆ ಕಡೆ ಇರುತ್ತದೆ, ಆಗ ನಂಬಬೇಕಾದದ್ದು ಈ ಚೌಕವನ್ನು.

2. ಪುಟದಲ್ಲಿ ಮೊದಲು ಕಲಶದ ತುದಿಗೊಂದು ಚುಕ್ಕಿ, ಬುಡಕ್ಕೊಂದು ಚುಕ್ಕಿ ಇಡಿ. ಬುಡದಿಂದ ಶುರುಮಾಡಿದವರಿಗೆ ಏಳನೆಯ ನೆಲೆಗೆ ಪುಟ ಮುಗಿಯುತ್ತದೆ. ಹಂಪಿಯಲ್ಲಿ ಬರೆದ ಪುಸ್ತಕಗಳಲ್ಲಿ ಕಲಶವಿಲ್ಲದ ಗೋಪುರಗಳೇ ಹೆಚ್ಚು. ಕೈ ನೇರ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ನಿನಲ್ಲಿ ಬುಡದ ಅಗಲ ಅಳೆದು, ಎತ್ತರ ಅದರ ಎಷ್ಟರಷ್ಟಿದೆ ಎಂದು ನೋಡಿ ಅದೇ ಪ್ರಮಾಣ ಪುಟಕ್ಕೆ ತನ್ನಿ.

3. ಕಣ್ಣಿನ ಮಟ್ಟದ ಗೆರೆಯನ್ನು ಪೆನ್ಸಿಲ್‌ನಲ್ಲಿ ತೆಳುವಾಗಿ ಎಳೆಯಿರಿ. ನಿಂತು ಬರೆಯುವುದಾದರೆ ಬೀದಿಯಲ್ಲಿ ನಿಂತವರ ತಲೆಗಳೆಲ್ಲ, ಹತ್ತಿರವಿರಲಿ ದೂರವಿರಲಿ, ಹೆಚ್ಚುಕಡಿಮೆ ಇದೇ ಗೆರೆಯ ಮೇಲೆ ಬರುತ್ತವೆ. ಸ್ಟೂಲಿನ ಮೇಲೆ ಕೂತಿದ್ದರೆ ಗೆರೆ ಅವರ ಎದೆಯ ಕೆಳಗೆ ಹಾಯುತ್ತದೆ. ಈ ಒಂದು ಗೆರೆ ತಪ್ಪಿದರೆ ಜನ ನೆಲ ಬಿಟ್ಟು ತೇಲಾಡುತ್ತಾರೆ.

4. ಈಗ ಪೆನ್ನು. ಹೊರ ಅಂಚು, ನೆಲೆಗಳ ಅಡ್ಡಗೆರೆ (ಮೇಲೆ ಹೋದಂತೆ ಅಂತರ ಕಡಿಮೆ), ನಡುವಿನ ಕಿಂಡಿಗಳು. ಗಾರೆಯ ಬೊಂಬೆಗಳನ್ನೆಲ್ಲ ಬರೆಯಲು ಹೋಗಬೇಡಿ. ಬೆಳಕು ನೆರಳು ಸೇರುವ ಮೂಲೆಯಲ್ಲಿ ಒಂದೆರಡು ನೆಲೆಯ ಬೊಂಬೆಗಳನ್ನು ಕೈಕಾಲು ಕಾಣುವಂತೆ ಬರೆದು, ಉಳಿದ ಕಡೆ ಮುರುಕು ಗೆರೆಗಳಲ್ಲಿ ಸೂಚಿಸಿ. ಬಿಸಿಲು ನೇರ ಬೀಳುವ ಅಂಚಿನಲ್ಲಿ ಗೆರೆಯನ್ನು ಅಲ್ಲಲ್ಲಿ ಬಿಡಿ; ಪೂರ್ತಿ ಬೇಲಿ ಹಾಕಿದ ಗೆರೆ ಬಣ್ಣಕ್ಕೆ ಏನೂ ಕೆಲಸ ಉಳಿಸುವುದಿಲ್ಲ. ಇದಕ್ಕೆ 20 ನಿಮಿಷ.

5. ಬಣ್ಣ ಮೂರು ಸುತ್ತು, ತಿಳಿಯಿಂದ ಗಾಢಕ್ಕೆ. ಹದ ಹೇಳಬೇಕೆಂದರೆ ಮೊದಲ ಸುತ್ತು ನೀರುಮಜ್ಜಿಗೆ, ಎರಡನೆಯದು ಗಟ್ಟಿ ಮಜ್ಜಿಗೆ, ಮೂರನೆಯದು ಮೊಸರು. ಮೊದಲು ಆಕಾಶ, ಆಮೇಲೆ ಗೋಪುರದ ಮೇಲೆಲ್ಲ ತೆಳು ಓಕರ್; ಬಿಸಿಲಿನ ಅಂಚು ಕಾಗದದ ಬಿಳಿಯಾಗೇ ಉಳಿಯಲಿ. ಒಣಗಿದ ಮೇಲೆ ಕೆಳಗಿನ ಕಲ್ಲಿನ ಭಾಗಕ್ಕೆ ಬೂದು. ಕೊನೆಗೆ ನೆರಳು, ಒಂದೇ ಸಲಕ್ಕೆ, ಮತ್ತೆ ಮತ್ತೆ ಉಜ್ಜದೆ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ಹಾಗಾಗಿ ನೆರಳು ಹಸಿಯಲ್ಲಿ ಸ್ವಲ್ಪ ಜಾಸ್ತಿಯಾಯಿತೇನೋ ಅನ್ನಿಸುವಷ್ಟು ಇರಬೇಕು.

ಬಣ್ಣ ಹಚ್ಚಿದ ಜಾಗದಲ್ಲಿ ಮತ್ತೆ ಪೆನ್ನು ಆಡಿಸುವುದಿದ್ದರೆ ಪೂರ್ತಿ ಒಣಗುವ ತನಕ ತಡೆಯಿರಿ. ತೇವದ ಪುಟದಲ್ಲಿ ಪೆನ್ನಿನ ತುದಿಗೆ ಬಣ್ಣ ಮೆತ್ತಿಕೊಂಡು ಶಾಯಿ ಬರುವುದೇ ನಿಲ್ಲುತ್ತದೆ.

ಊರೂರಿನ ಕಲ್ಲು, ಹೆಂಚು, ಹಸಿರು

ಹಂಪಿಯ ಬಂಡೆ ಗ್ರಾನೈಟ್. ಬೂದು ಅಂದುಕೊಂಡು ಬರೀ ಬೂದು ಹಚ್ಚಿದರೆ ಸಿಮೆಂಟಿನಂತೆ ಕಾಣುತ್ತದೆ. ಓಕರ್‌ಗೆ ಚೂರು ರೋಸ್ ಸೇರಿಸಿ ತೆಳು ವಾಶ್ ಹಾಕಿ, ಅದರ ಮೇಲೆ ನೆರಳಿಗೆ ಅಲ್ಟ್ರಾಮರೀನ್ ಮತ್ತು ಸಿಯೆನ್ನಾ. ಅಲ್ಟ್ರಾಮರೀನ್ ಕಾಗದದ ಗುಳಿಗಳಲ್ಲಿ ಕಣಕಣವಾಗಿ ಕೂರುವ ಬಣ್ಣ; ಅದೇ ಕಲ್ಲಿನ ತರಿಯಾಗುತ್ತದೆ. ಬಾದಾಮಿಯದು ಮರಳುಗಲ್ಲು: ಸಿಯೆನ್ನಾ ಮತ್ತು ರೋಸ್. ಅಲ್ಲಿ ಅಗಸ್ತ್ಯತೀರ್ಥದ ಪೂರ್ವ ದಂಡೆಯ ಭೂತನಾಥ ಗುಡಿಗಳನ್ನು ಊರ ಕಡೆಯಿಂದ ಸಂಜೆ ಬರೆಯಿರಿ, ಬಂಡೆ ಆಗ ಕೆಂಪೇರಿರುತ್ತದೆ. ಬೇಲೂರು, ಹಳೇಬೀಡಿನ ಬಳಪದ ಕಲ್ಲಿಗೆ ಅದೇ ಗಾಢ ಬೂದಿಗೆ ಚೂರು ಹಳದಿ ಬಿದ್ದು ಹಸಿರು ಛಾಯೆ ಬರಬೇಕು. ಅಲ್ಲಿನ ಕೆತ್ತನೆಗೆ ಸ್ಕೆಚ್‌ಬುಕ್ ಹೊಂದುವುದು ತುಣುಕಾಗಿ: ಒಂದು ಮದನಿಕೆ, ಒಂದು ಕಂಬದ ತಿರುವು. ಇಡೀ ಗುಡಿಗೆ ಕೈಹಾಕಿದವರು ಸೋತೇ ಏಳುತ್ತಾರೆ.

ಮಂಗಳೂರು ಹೆಂಚಿಗೆ ಸಿಯೆನ್ನಾ, ಪಾಚಿ ಕಟ್ಟಿದ ಕಡೆ ಹಸಿಯಿರುವಾಗಲೇ ಅಲ್ಟ್ರಾಮರೀನ್. ಅಡಿಕೆ ತೋಟದ ಒಳಗಿನ ಕಡು ಹಸಿರಿಗೆ ಥ್ಯಾಲೋ, ಲೆಮನ್, ಮೇಲೆ ಸಿಯೆನ್ನಾ. ಸಿಯೆನ್ನಾ ಇಲ್ಲದಿದ್ದರೆ ಥ್ಯಾಲೋ ಹಸಿರು ಪ್ಲಾಸ್ಟಿಕ್ಕಿನಂತೆ ಕಿರುಚುತ್ತದೆ. ಮಂಜಿನ ಬೆಟ್ಟ ಬರೆಯುವ ಆಸೆಯಿದ್ದವರು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿರುವ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ನೋಡಬೇಕು. ಅಬನೀಂದ್ರನಾಥ ಟಾಗೋರರ ಬಳಿ ಕಲ್ಕತ್ತೆಯಲ್ಲಿ ಕಲಿತ ಅವರ ಕೈಯಲ್ಲಿ ತೆಳು ವಾಶ್‌ಗಳೇ ಮಂಜಾಗಿವೆ.

ಬಿಸಿಲಲ್ಲಿ ಏನು ಕೆಡುತ್ತದೆ, ಮಳೆಯಲ್ಲಿ ಏನು

ಬಿಸಿಲೂರಿನಲ್ಲಿ ವಾಶ್‌ನ ಅಂಚು ನೀವು ಮುಂದಿನ ಗೀಟು ತರುವುದರೊಳಗೆ ಒಣಗಿ, ಗಟ್ಟಿ ಗೆರೆ ನಿಲ್ಲುತ್ತದೆ. ದೊಡ್ಡ ಕುಂಚ, ಹೆಚ್ಚು ನೀರು, ಸಣ್ಣ ಜಾಗ. ಆಕಾಶವಾದರೆ ಮೊದಲು ಬರೀ ನೀರು ಸವರಿಕೊಳ್ಳಿ. ಪುಟ ನೆರಳಲ್ಲಿರಲಿ. ಬಿಳಿ ಕಾಗದಕ್ಕೆ ನೇರ ಬಿಸಿಲು ಬಿದ್ದರೆ ಕಣ್ಣು ಕೋರೈಸಿ ಬಣ್ಣ ತಿಳಿಯಾಯಿತೆಂದು ಗಾಢ ಮಾಡುತ್ತ ಹೋಗುತ್ತೀರಿ, ರೂಮಿಗೆ ಬಂದು ನೋಡಿದರೆ ಪುಟವೆಲ್ಲ ಕಪ್ಪಾಗಿರುತ್ತದೆ.

ಮಳೆಯೂರಿನ ತೊಂದರೆ ಇದಕ್ಕಿಂತ ಕಠಿಣ. ವಾಶ್ ಹಾಕಿದಾಗ ಪುಟ ಹೊಳೆಯುತ್ತದೆ, ಆಗ ಇನ್ನೊಂದು ಬಣ್ಣ ಸೇರಿಸಬಹುದು. ಹೊಳಪು ಮಂಕಾಗುತ್ತ ಬಂದ ಘಳಿಗೆಯೇ ಅಪಾಯದ್ದು; ಆಗ ನೀರಾದ ಕುಂಚ ತಾಗಿಸಿದರೆ ಆ ನೀರು ಅರೆ ಒಣಗಿದ ಬಣ್ಣವನ್ನು ಹೊರಕ್ಕೆ ತಳ್ಳಿ, ಹೂಕೋಸಿನಾಕಾರದ ಕಲೆ ಏಳಿಸುತ್ತದೆ. ಹಂಪಿಯಲ್ಲಿ ಈ ಘಳಿಗೆ ಕಣ್ಣು ಮಿಟುಕಿಸುವಷ್ಟು, ಆಗುಂಬೆಯಲ್ಲಿ ಒಂದು ಕಾಫಿ ಕುಡಿದು ಬರುವಷ್ಟು. ಒಣಗಿತೇ ಎಂದು ನೋಡಲು ಬೆರಳಿನ ಹಿಂಬದಿ ತಾಗಿಸಿ. ತಣ್ಣಗಿದ್ದರೆ ಇನ್ನೂ ತೇವ ಇದೆ. ಮಳೆಯಲ್ಲಿ ಒಂದೇ ಪುಟಕ್ಕೆ ಕಾಯುತ್ತ ಕೂರಬೇಡಿ: ಎರಡು ಪುಟ ಬಿಟ್ಟು ಮುಂದಿನದರಲ್ಲಿ ಪೆನ್ನಿನ ಕೆಲಸ ಶುರುಮಾಡಿ, ಒದ್ದೆ ಪುಟವನ್ನು ಕ್ಲಿಪ್ ಹಾಕಿ ತೆರೆದಿಡಿ.

ಜಾಗದಲ್ಲೇ ಮುಗಿಸಲೇಬೇಕೆಂಬ ಹಟವೂ ಬೇಕಿಲ್ಲ. 1786ರಿಂದ 1793ರವರೆಗೆ ಭಾರತ ಸುತ್ತಿದ ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡ್ಯಾನಿಯಲ್ ಸ್ಥಳದಲ್ಲಿ ರೇಖಾಚಿತ್ರ ಮಾಡಿಕೊಂಡು ಅಚ್ಚಿನ ಚಿತ್ರಗಳಲ್ಲಿ ಬಹುಪಾಲನ್ನು ಲಂಡನ್‌ಗೆ ಮರಳಿದ ಮೇಲೆ ಮಾಡಿದರು. ಮಳೆ ಬಂತೇ, ಗೆರೆಯಷ್ಟೇ ಬರೆದು ಪೆನ್ಸಿಲ್‌ನಲ್ಲಿ ‘ಸಿ+ರೋ (ಸಿಯೆನ್ನಾ, ರೋಸ್), ಎಡಗಡೆ ನೆರಳು’ ಎಂದು ಬಣ್ಣದ ಟಿಪ್ಪಣಿ ಹಾಕಿಕೊಳ್ಳಿ. ರಾತ್ರಿ ಲಾಡ್ಜಿನಲ್ಲಿ ಹಚ್ಚುವಾಗ ಮಾತ್ರ ಹಳದಿ ಬಲ್ಬಿನ ಕೆಳಗೆ ಬೇಡ, ಹಳದಿ ಎಷ್ಟು ಹಾಕಿದಿರೆಂದೇ ತಿಳಿಯುವುದಿಲ್ಲ.

ಜನ, ಕಾವಲುಗಾರರು, ಬಸ್ಸು

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮುಂಚಿತ ಅನುಮತಿ ಬೇಕು. ಈಸೆಲ್ (ಚಿತ್ರ ಬರೆಯುವ ಸ್ಟ್ಯಾಂಡ್) ಹೂಡಿದರೂ ಕಾವಲುಗಾರರು ಬಂದು ಕೇಳಬಹುದು, ತೊಡೆಯ ಮೇಲಿನ ಪುಸ್ತಕವೇ ನೆಮ್ಮದಿ. ಬಣ್ಣದ ನೀರನ್ನು ಪುಷ್ಕರಣಿಗೋ ಕಲ್ಲಿನ ನೆಲಕ್ಕೋ ಚೆಲ್ಲದೆ ಡಬ್ಬಿಯಲ್ಲೇ ಮುಚ್ಚಿಕೊಂಡು ಬನ್ನಿ. ಬೆನ್ನಿಗೆ ಗೋಡೆಯೋ ಕಂಬವೋ ಇರುವಂತೆ ಕೂತರೆ ಹಿಂದಿನಿಂದ ಇಣುಕುವವರ ಕಾಟವಿಲ್ಲ. ಮಕ್ಕಳು ಎದುರಿಗೇ ಬಂದು ‘ಅಕ್ಕಾ, ನಂದೂ ಒಂದು ಬರೀರಿ’ ಎಂದರೆ ಎರಡು ನಿಮಿಷದ ರೇಖಾಚಿತ್ರ ಬರೆದು ಹೆಸರು ಹಾಕಿಸಿಕೊಳ್ಳಿ. ಪುಸ್ತಕದಲ್ಲಿ ಕೊನೆಗೆ ಜೀವಂತವಾಗಿ ಉಳಿಯುವ ಪುಟಗಳಲ್ಲಿ ಅದೂ ಒಂದು. ದೊಡ್ಡವರನ್ನು ಬರೆಯುವ ಮುನ್ನ ಒಂದು ಮಾತು ಕೇಳಿ.

ಓಡುವ ಬಸ್ಸಿನಲ್ಲಿ ನೇರ ಗೆರೆ ಸಾಧ್ಯವಿಲ್ಲ, ಆ ಹೊತ್ತನ್ನು ಬರಹಕ್ಕೆ ಇಡಿ. ಪುಟಕ್ಕೆ ದಿನಾಂಕ, ಗಂಟೆ, ಯಾವ ದಿಕ್ಕಿಗೆ ಮುಖ ಮಾಡಿದ್ದಿರಿ, ಹವೆ ಹೇಗಿತ್ತು ಇವಿಷ್ಟು ಇರಲೇಬೇಕು. ಇತಿಹಾಸ ಬರೆಯುವುದಿದ್ದರೆ ಗೈಡ್ ಹೇಳಿದ್ದಕ್ಕಿಂತ ಫಲಕದಲ್ಲಿರುವುದನ್ನು ನಕಲು ಮಾಡಿ. ವಿರೂಪಾಕ್ಷದ ಒಳಗಿನ ಚಿಕ್ಕ ರಾಯಗೋಪುರ 1510ರ ಕೃಷ್ಣದೇವರಾಯನ ಕಾಲದ್ದು. ಹೊರಗಿನ ದೊಡ್ಡದಕ್ಕೂ ಅದೇ ಇಸವಿ ಅಂಟಿಸುವ ಪುಟಗಳು ಬೇಕಾದಷ್ಟಿವೆ. ವಿಮಾನದಲ್ಲಿ ಹೋಗುವವರು ಫೌಂಟನ್ ಪೆನ್ನನ್ನು ಪೂರ್ತಿ ತುಂಬಿ ಅಥವಾ ಪೂರ್ತಿ ಖಾಲಿ ಮಾಡಿ, ನಿಬ್ ಮೇಲೆ ಬರುವಂತೆ ಇಡಿ. ಅರ್ಧ ಖಾಲಿಯಿದ್ದರೆ ಒಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಹೊರದೂಡುತ್ತದೆ.

ಮನೆಗೆ ಬಂದ ಮೇಲೆ

ಪುಸ್ತಕವನ್ನೂ ಡಬ್ಬಿಯನ್ನೂ ಎರಡು ದಿನ ಫ್ಯಾನಿನ ಕೆಳಗೆ ತೆರೆದಿಡಿ. ತೇವವಿದ್ದಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಪ್ಯಾನಿಗೆ ಬೂಷ್ಟು ಬಂದಿದ್ದರೆ ಮೇಲ್ಪದರವನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು, ಪೂರ್ತಿ ಒಣಗಿಸಿ. ಪುಟಗಳು ಅಂಟಿಕೊಂಡಿದ್ದರೆ ಎಳೆಯಬೇಡಿ, ತೆಳು ಸ್ಟೀಲ್ ಸ್ಕೇಲನ್ನು ಅಂಚಿನಿಂದ ನಿಧಾನ ತೂರಿಸಿ ಬಿಡಿಸಿ. ಅಲೆಯೆದ್ದ ಪುಟವನ್ನು ನೇರ ಮಾಡಲು, ಹಿಂಬದಿ ಖಾಲಿಯಿದ್ದರೆ ಮಾತ್ರ, ಅಲ್ಲಿಗೆ ತೆಳುವಾಗಿ ನೀರು ಸಿಂಪಡಿಸಿ, ಎರಡೂ ಬದಿಗೆ ಒತ್ತುಕಾಗದ ಇಟ್ಟು, ನಾಲ್ಕು ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಬಿಡಿ. ಸ್ಕ್ಯಾನ್ ಮಾಡಿಸುವುದಾದರೆ 300 ಡಿಪಿಐ ಸಾಕು, ದೊಡ್ಡದಾಗಿ ಅಚ್ಚು ಹಾಕಿಸುವುದಿದ್ದರೆ 600.